ಬೆರಳು ಕಿವಿಗಿಂತ ಮುಂದೆ ಹೋದ ದಿನ

"ಆಂಟೀ, ಸ್ಪೀಡ್ ಎಷ್ಟಿರಬೇಕು?"

ಮಂಡ್ಯದ ನಮ್ಮ ಬೀದಿಯ ಸಿಂಧು ಹೋದ ತಿಂಗಳು ಬಂದು ಕೇಳಿದ ಪ್ರಶ್ನೆ ಇದು. ಕೋರ್ಟಿಗೆ ಟೈಪಿಸ್ಟ್ ಆಗಿ ಆಯ್ಕೆಯಾಗಿದ್ದಾಳೆ. ಆರ್ಡರ್ ಕೈಗೆ ಬಂದಿದೆ, ಕೈ ತಣ್ಣಗಾಗಿದೆ. ನಾನು ಮೂವತ್ತನಾಲ್ಕು ವರ್ಷ ಅದೇ ಕುರ್ಚಿಯಲ್ಲಿ ಕೂತು ಎದ್ದವಳು, ನನ್ನ ಹತ್ತಿರ ಏನೋ ಗುಟ್ಟು ಇರಬೇಕೆಂದು ಅವಳ ನಂಬಿಕೆ. "ಸ್ಪೀಡ್ ತಾನಾಗಿ ಬರುತ್ತಮ್ಮ, ಡೋಂಟ್ ವರಿ" ಎಂದು ಕಾಫಿ ಕೊಟ್ಟು ಕಳಿಸಿದೆ. ಅವಳು ಗೇಟು ದಾಟಿದ ಮೇಲೆ ನನಗೇ ವರಿ ಹತ್ತಿಕೊಂಡಿತು. ಹೇಳಬೇಕಾದದ್ದನ್ನು ಹೇಳಲಿಲ್ಲವಲ್ಲ! ಸ್ಪೀಡ್ ನನಗೆ ಬೇಕಾದಷ್ಟಿತ್ತು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಕೆಲಸ ಮಾಡಿದ್ದೇನೆ, ಮೂರೂ ಕಡೆಯ ವಕೀಲರು ನನ್ನ ಬೆರಳುಗಳನ್ನು ಹೊಗಳಿದ್ದಾರೆ. ಆ ಸ್ಪೀಡಿನಿಂದಲೇ ನಾನು ಒಬ್ಬ ಮನುಷ್ಯನನ್ನು ಜೈಲಿಗೆ ಕಳಿಸುವುದರಲ್ಲಿದ್ದೆ.

ಅದನ್ನು ಸಿಂಧುವಿಗಾಗಿ, ಅವಳಂತೆ ಹೊಸದಾಗಿ ಸೇರುವವರಿಗಾಗಿ ಬರೆದಿಡುತ್ತಿದ್ದೇನೆ. ಯಾವ ಪ್ರಸಂಗ ಯಾವ ಊರಿನ ಕೋರ್ಟಿನಲ್ಲಿ ನಡೆಯಿತು ಎಂದು ಹೇಳುವುದಿಲ್ಲ, ಹೆಸರುಗಳನ್ನೂ ಬದಲಿಸಿದ್ದೇನೆ. ತಪ್ಪು ನನ್ನದು, ಊರಿನದಲ್ಲ.

ಮೊದಲು ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ. ಕೋರ್ಟಿನಲ್ಲಿ ನ್ಯಾಯಾಧೀಶರ, ಅಂದರೆ ನಮ್ಮ ಸಾಹೇಬರ, ಕುರ್ಚಿ ಮೇಲೆ. ಅದರ ಕೆಳಗೆ, ಸಾಕ್ಷಿಯ ಕಟಕಟೆಗೆ ತಾಗಿದಂತೆ ನಮ್ಮ ಟೇಬಲ್. ಸಾಕ್ಷಿ ತನ್ನ ಮಾತಿನಲ್ಲಿ ಹೇಳುತ್ತಾನೆ, ಸಾಹೇಬರು ಅದನ್ನು ಓರಣ ಮಾಡಿ ಡಿಕ್ಟೇಟ್ ಮಾಡುತ್ತಾರೆ, ನಾವು ಟೈಪ್ ಮಾಡುತ್ತೇವೆ. ಕೊನೆಗೆ 'ಓ.ಹೇ.ಕೇ. ಸರಿ ಇದೆ' ಎಂದು ಹಾಕುತ್ತೇವೆ. ಓದಿ ಹೇಳಿ ಕೇಳಿಸಲಾಯಿತು, ಸರಿ ಇದೆ ಎಂದು ಅದರ ಅರ್ಥ. ಅದರ ಕೆಳಗೆ ಸಾಕ್ಷಿಯ ಸಹಿ ಅಥವಾ ಹೆಬ್ಬೆಟ್ಟು, ಸಾಹೇಬರ ಸಹಿ. ನಿಜ ಹೇಳಬೇಕೆಂದರೆ, ನಾನು ಟೈಪ್ ಮಾಡಿದ ಹೇಳಿಕೆಗಳಲ್ಲಿ ಬಹುಪಾಲನ್ನು ನಾನು ಓದಿ ಹೇಳಿಯೂ ಇಲ್ಲ, ಕೇಳಿಸಿಯೂ ಇಲ್ಲ. ಬಾಗಿಲಲ್ಲಿ ಮುಂದಿನ ಸಾಕ್ಷಿ ನಿಂತಿರುತ್ತಿದ್ದ. ಓ.ಹೇ.ಕೇ. ಎಂಬ ಮೂರಕ್ಷರ ಬೆರಳಿಗೆ ಅಭ್ಯಾಸವಾಗಿತ್ತು, ದೇವರ ಮನೆಯ ಮುಂದೆ ಹಾದುಹೋಗುವಾಗ ಕೆನ್ನೆ ಮುಟ್ಟಿಕೊಳ್ಳುವ ಹಾಗೆ.

ನಮ್ಮೂರು ಹೊಳಲು. ಅಪ್ಪ ಕಬ್ಬು ಬೆಳೆಯುವವರು, ಆದರೆ ಮಗಳು ಇಂಗ್ಲಿಷ್ ಮಾತಾಡಬೇಕೆಂಬ ಹಟ. ಮೈಸೂರಿನ ಕಾನ್ವೆಂಟಿಗೆ ಸೇರಿಸಿದರು. ರಜೆಗೆ ಬಂದಾಗ ಅಜ್ಜಿ "ಬಂದ್ಲು ಬುಡ್ರವ್ವ ದೊರೆಸಾನಿ, ಚಾಪೆ ಆಸ್ಬೇಡಿ, ಕುರ್ಚಿ ತನ್ನಿ" ಎಂದು ಗೇಲಿ ಮಾಡುತ್ತಿದ್ದಳು. ಕಾನ್ವೆಂಟಿನಲ್ಲಿ ಡಿಕ್ಟೇಶನ್ ಕೊಡುವ ಸಿಸ್ಟರ್ ಒಬ್ಬರಿದ್ದರು. ಪಾಠದಿಂದ ಓದುತ್ತಾ ಓದುತ್ತಾ ಬೇಕೆಂದೇ ನಡುವೆ ಪಾಠದಲ್ಲಿಲ್ಲದ ಒಂದು ವಾಕ್ಯ ಸೇರಿಸುವರು. ಪಾಠ ಬಾಯಿಗೆ ಬರುತ್ತಿದ್ದ ಜಾಣೆಯರು ನಾವು ಆ ವಾಕ್ಯವನ್ನು ಬಿಟ್ಟು, ಸಿಸ್ಟರ್ ಇನ್ನೂ ಹೇಳದ ಮುಂದಿನ ವಾಕ್ಯವನ್ನು ಬರೆದಿರುತ್ತಿದ್ದೆವು. ಪಾಠ ಬಾರದ ದಡ್ಡಿಯರಿಗೆ ಪೂರ್ತಿ ಮಾರ್ಕ್ಸ್. "ರೈಟ್ ವಾಟ್ ಯೂ ಹಿಯರ್, ಚೈಲ್ಡ್, ನಾಟ್ ವಾಟ್ ಯೂ ನೋ" ಎಂದು ನನ್ನ ನೋಟ್‌ಬುಕ್ಕಿನ ಮೇಲೆ ಬೆರಳಿನಿಂದ ಕುಟ್ಟುತ್ತಿದ್ದರು. ಆಗ ಅದು ಸಿಸ್ಟರ್ ಅವರ ತುಂಟತನ ಅನ್ನಿಸುತ್ತಿತ್ತು.

ಕೆಲಸಕ್ಕೆ ಸೇರಿದ ಹೊಸತು. ಆಗ ಟೈಪ್‌ರೈಟರ್, ಮೂರು ಕಾರ್ಬನ್ ಕಾಪಿ. ಸಾಹೇಬರು ಧಾರವಾಡದ ಕಡೆಯವರು, ಒಳ್ಳೆಯ ಮನುಷ್ಯ, ಆದರೆ ನಮ್ಮ ಕಡೆಯ ಮಾತು ಅವರಿಗೆ ಹೊಸದು. ನಿಡಘಟ್ಟದ ಕಡೆಯ ರೈತನೊಬ್ಬ ಬದುವಿನ ಜಗಳದಲ್ಲಿ ಸಾಕ್ಷಿ ಹೇಳಲು ಬಂದಿದ್ದ. ಜಗಳ ನಡೆದಾಗ ಎಷ್ಟು ಹೊತ್ತು ಎಂದು ಕೇಳಿದರೆ, "ಒತ್ತು ಮಾರುದ್ದ ಏರಿತ್ತು ಸಾಮಿ" ಎಂದ.

ಸಾಹೇಬರು ನನ್ನ ಕಡೆ ಬಗ್ಗಿದರು. "ಹಂಗಂದ್ರ ಎಷ್ಟವ್ವಾ?"

ನನ್ನನ್ನು ಕೇಳಿದರಲ್ಲ ಎಂದು ಹಿಗ್ಗಿ ಹೋದೆ. ಹೊಳಲಿನ ಅಜ್ಜಿಯ ಮಾತೆಲ್ಲ ನನಗೆ ಗೊತ್ತು ತಾನೆ? "ಎಂಟು ಗಂಟೆ ಸರ್" ಎಂದೆ. 'ಬೆಳಿಗ್ಗೆ ಎಂಟು ಗಂಟೆಗೆ' ಎಂದು ಟೈಪಾಯಿತು. ಸ್ವಲ್ಪ ಹೊತ್ತಿಗೆ ಎದುರು ಪಕ್ಷದ ವಕೀಲರು ಪಾಟೀ ಸವಾಲಿಗೆ ಎದ್ದರು.

"ನಿನ್ನ ಹತ್ತಿರ ವಾಚ್ ಇದೆಯೇನಯ್ಯಾ?"

"ಇಲ್ಲ ಸಾಮಿ."

"ಮನೇಲಿ ಗಡಿಯಾರ?"

"ಇತ್ತು, ನಿಂತೋಗದೆ."

"ಹಾಗಾದರೆ ಎಂಟು ಗಂಟೆ ಅಂತ ಹೇಗೆ ಗೊತ್ತಾಯ್ತು?"

"ಎಂಟು ಅಂತ ನಾನೆಲ್ಲಿ ಅಂದೆ? ನೀವೇ ಅಂತಿದ್ದೀರಿ, ನಿಮ್ಮುನ್ನೇ ಕೇಳ್ಕಳಿ."

ಕೋರ್ಟೆಲ್ಲ ನಕ್ಕಿತು. ನಾನು ಟೈಪ್‌ರೈಟರಿನಿಂದ ಮುಖ ಎತ್ತಲಿಲ್ಲ. ಆ ಎಂಟು ಗಂಟೆ ನನ್ನದು. ಅವನ ಬಾಯಿಗೆ ಅದನ್ನು ಇಟ್ಟವಳು ನಾನು, ಅದಕ್ಕೆ ಲೆಕ್ಕ ಹೇಳಬೇಕಾದವನು ಅವನು. ಎಂಟೋ ಏಳೂವರೆಯೋ, ಅವನು ಕಂಡದ್ದು ಸೂರ್ಯನನ್ನು ಮಾತ್ರ. ಮನೆಗೆ ಹೋಗುವ ಬಸ್ಸಿನಲ್ಲಿ ಆ ಎಂಟು ಗಂಟೆಯನ್ನೇ ಮತ್ತೆ ಮತ್ತೆ ನೆನೆದೆ. ಆದರೆ ಮಾರನೆಯ ದಿನ ಬೇರೆ ಕೇಸುಗಳು.

ಇನ್ನೊಂದು ಸಲ ಒಬ್ಬ ಅಜ್ಜ ಪ್ರಮಾಣವಚನಕ್ಕೇ ತಕರಾರು ತೆಗೆದಿದ್ದ. ದಲಾಯತ್, ಅಂದರೆ ಹೊರಗೆ ನಿಂತು ಹೆಸರು ಕೂಗುವ ಜವಾನ, "ಸತ್ಯವನ್ನೇ ಹೇಳುತ್ತೇನೆ ಅನ್ನಜ್ಜ" ಎಂದು ಹೇಳಿಕೊಟ್ಟ.

"ಅಂಗನ್ನಕ್ಕಾಗಕಿಲ್ಲ."

"ಯಾಕಜ್ಜ?"

"ಕಂಡಿದ್ದ ಏಳ್ತೀನಿ ಕಣ್ಲಾ. ಸತ್ಯ ಯಾವ್ದು ಅಂತ ಅಗೋ, ಮೇಲ್ ಕುಂತವ್ರಲ್ಲ, ಅವ್ರು ಏಳ್ಬೇಕು. ಅದ್ನೂ ನಾನೇ ಏಳೋದಾದ್ರೆ ಅವ್ರ್ಯಾಕೆ ಬೇಕು?"

ಸಾಹೇಬರೂ ನಗು ತಡೆಯಲಾರದೆ ಫೈಲು ಮುಖಕ್ಕೆ ಹಿಡಿದರು. ಆ ಅಜ್ಜನಂಥವರು ಅಪರೂಪ. ನಮ್ಮ ಅಜ್ಜಿಯಂಥವರು ಹೆಚ್ಚು. ಊರ ಹತ್ತಿರದ ಕಬ್ಬಿನ ಗದ್ದೆಗೆ ಚಿರತೆ ಬಂದಿತ್ತೆಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು, "ನಾನೇ ಕಂಡೆ ಕಣವ್ವ, ಇಷ್ಟುದ್ದ ಬಾಲ." ಅವಳು ಆವತ್ತು ಮನೆ ಬಿಟ್ಟು ಕದಲಿರಲಿಲ್ಲ. ತಾತ ರೇಗಿಸಿದರೆ, "ನಿಮ್ಮ ಮಗ ಕಂಡ್ರೆ ನಾನ್ ಕಂಡಂಗಲ್ವಾ?" ಎನ್ನುವಳು. ಅದು ಸುಳ್ಳಲ್ಲ. ಮನೆಯವರ ಕಣ್ಣನ್ನೂ ತನ್ನ ಕಣ್ಣೆಂದೇ ಅವಳು ಎಣಿಸುತ್ತಿದ್ದಳು. ಆದರೆ ಕಟಕಟೆಯಲ್ಲಿ ನಿಂತು ಹಾಗೆ ಹೇಳಿದರೆ ಏನಾಗುತ್ತದೆ? ಇದನ್ನು ನನಗೆ ಕಲಿಸಿದವಳು ಚಿಕ್ಕತಾಯಮ್ಮ.

ಅವಳ ಕೇಸಿನ ಹೊತ್ತಿಗೆ ನನಗೆ ಮೂವತ್ತು ವರ್ಷ ಸರ್ವಿಸ್ ಆಗಿತ್ತು, ಎಷ್ಟೋ ಸಾಹೇಬರು ಬದಲಾಗಿದ್ದರು, ಕಂಪ್ಯೂಟರ್ ಬಂದಿತ್ತು. ಪಾಟೀ ಸವಾಲಿನ ಕೊನೆಯಲ್ಲಿ ಒಂದು ಪದ್ಧತಿ ಇದೆ, ಅದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎದುರು ವಕೀಲರು ಸಾಲಾಗಿ ಆರೋಪದಂಥ ಮಾತುಗಳನ್ನು ಸಾಕ್ಷಿಯ ಮುಂದಿಡುತ್ತಾರೆ, ಅದಕ್ಕೆ ಸಜೆಶನ್ಸ್ ಎನ್ನುತ್ತೇವೆ. ನೀವು ಸ್ಥಳದಲ್ಲಿ ಇರಲಿಲ್ಲ. ನೀವು ನೋಡಲಿಲ್ಲ. ಪೊಲೀಸರು ಹೇಳಿಕೊಟ್ಟಂತೆ ಹೇಳುತ್ತಿದ್ದೀರಿ. ಸಾಕ್ಷಿ ಎಲ್ಲಕ್ಕೂ ಇಲ್ಲ ಇಲ್ಲ ಎನ್ನುತ್ತಾನೆ. ನಾವು ಒಂದೊಂದು ಸಾಲಿನ ಕೊನೆಗೂ 'ಎಂದರೆ ಸರಿಯಲ್ಲ' ಎಂದು ಟೈಪ್ ಮಾಡುತ್ತೇವೆ. ಒಪ್ಪಿಕೊಂಡರೆ 'ಎಂದರೆ ಸರಿ'. ಒಪ್ಪಿಕೊಳ್ಳುವವರು ಯಾರು? ನೂರಕ್ಕೂ ಹೆಚ್ಚು ಸಲ 'ಸರಿಯಲ್ಲ' ಬಡಿದರೆ ಒಂದು 'ಸರಿ' ಬಂದೀತು. ಟೈಪ್‌ರೈಟರಿನಲ್ಲಿ ಒಂದೊಂದು ಅಕ್ಷರವನ್ನೂ ಕುಟ್ಟಬೇಕಾಗಿತ್ತು. ಕಂಪ್ಯೂಟರಿನಲ್ಲಿ ನಾನು ಒಂದು ಉಪಾಯ ಕಂಡುಕೊಂಡೆ. ಒಂದು ಕೀ ಒತ್ತಿದರೆ 'ಎಂದರೆ ಸರಿಯಲ್ಲ' ಇಡಿಯಾಗಿ ಬಂದು ಕೂರುವ ಹಾಗೆ ಶಾರ್ಟ್‌ಕಟ್ ಮಾಡಿಕೊಂಡೆ. ಎಂಥ ಹೆಮ್ಮೆ ನನಗೆ! ಬೇರೆ ಟೈಪಿಸ್ಟ್‌ಗಳು ಬಂದು ನೋಡಿಕೊಂಡು ಹೋದರು. ವಕೀಲರ ಮಾತು ಮುಗಿಯುವ ಮೊದಲೇ ನನ್ನ ಕಿರುಬೆರಳು ಆ ಕೀ ಮೇಲೆ ಹೋಗಿ ಕಾದಿರುತ್ತಿತ್ತು.

ಕೇಸು ಒಂದು ಆಲೆಮನೆಯದು. ಬೆಲ್ಲದ ಪಾಕ ಕುದಿಯುತ್ತಿದ್ದ ದೊಡ್ಡ ಕೊಪ್ಪರಿಗೆಗೆ ಸಿದ್ದರಾಜು ಎಂಬ ಕೆಲಸಗಾರ ಮುಗ್ಗರಿಸಿ ಬಿದ್ದು, ಎರಡೂ ಕೈ ಮೊಣಕೈವರೆಗೆ ಬೆಂದಿದ್ದವು. ಬಿದ್ದದ್ದಲ್ಲ, ಹಿಂದಿನಿಂದ ಮಾದೇವ ತಳ್ಳಿದ ಎಂದು ಕೇಸು. ಇಬ್ಬರೂ ಒಂದೇ ಕಡೆ ಕೆಲಸಕ್ಕಿದ್ದವರು, ಆ ಬೆಳಿಗ್ಗೆ ಬಾಯಿ ಜಗಳವಾಡಿದ್ದವರು. ಬೆನ್ನ ಹಿಂದೆ ಯಾರಿದ್ದರು ಎಂದು ಸಿದ್ದರಾಜು ತಿರುಗಿ ನೋಡಲು ಆಗಿರಲಿಲ್ಲ. ಕಣ್ಣಾರೆ ಕಂಡೆ ಎಂದವಳು ಒಬ್ಬಳೇ: ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದ ಚಿಕ್ಕತಾಯಮ್ಮ, ಅರವತ್ತು ದಾಟಿದ ಹೆಂಗಸು. ಮುಖ್ಯ ವಿಚಾರಣೆಯಲ್ಲಿ "ಮಾದೇವ ತಳ್ಳಿದ್ದು ನಾನು ಕಂಡೆ" ಎಂದು ಹೇಳಿದ್ದಳು. ಹಾಗೆಯೇ ಟೈಪಾಗಿತ್ತು.

ಮಾದೇವನ ಪರ ವಕೀಲರು ಕೆಂಚೇಗೌಡರು. ಬಹಳ ಹಿರಿಯರು, ಕಿವಿ ಮಂದ. ಸಾಕ್ಷಿಯ ಮುಖ ನೋಡುತ್ತಿರಲಿಲ್ಲ, ನನ್ನ ಬೆರಳುಗಳನ್ನು ನೋಡುತ್ತಿದ್ದರು. ಬೆರಳು ನಿಂತರೆ ಉತ್ತರ ಬಂತೆಂದು ತಿಳಿದು, ಚೀಟಿಯಲ್ಲಿದ್ದ ಮುಂದಿನ ಸಾಲನ್ನು ಗಟ್ಟಿಯಾಗಿ ಓದುವರು. ಅದು ಎಲ್ಲರಿಗೂ ಗೊತ್ತಿದ್ದ ಏರ್ಪಾಡು, ನನಗೆ ಅದರಲ್ಲಿ ಸ್ವಲ್ಪ ಜಂಬವೂ ಇತ್ತು. ಆ ಹೊತ್ತಿಗೆ ಬೇರೊಬ್ಬ ವಕೀಲರು ಅವಸರದ ಅರ್ಜಿ ಹಿಡಿದು ಒಳಗೆ ಬಂದರು. ಸಾಹೇಬರು ಅದನ್ನು ಓದುತ್ತಾ, "ಸಜೆಶನ್ಸ್ ತಗೊಂಡುಬಿಡಿ ಮೇಡಂ" ಎಂದರು. ಸರ್ಕಾರಿ ವಕೀಲರು ಮುಂದಿನ ಕೇಸಿನ ಫೈಲು ಹುಡುಕುತ್ತಿದ್ದರು.

ಕೆಂಚೇಗೌಡರು ಓದಿದರು, ನಾನು ಒತ್ತಿದೆ. ಓದಿದರು, ಒತ್ತಿದೆ.

"ನೀವು ಒಲೆಯ ಬಾಯಿಯ ಹತ್ತಿರ ತಗ್ಗಿನಲ್ಲಿ ಕುಳಿತಿದ್ದಿರಿ, ಅಲ್ಲಿಂದ ಕೊಪ್ಪರಿಗೆಯ ಮೇಲ್ಗಡೆ ನಡೆದದ್ದು ನಿಮಗೆ ಕಾಣಿಸುತ್ತಿರಲಿಲ್ಲ."

ಒತ್ತಿದೆ. ಬೆರಳು ನಿಂತಿತು. ಆಗ ಚಿಕ್ಕತಾಯಮ್ಮ ಮೆಲ್ಲಗೆ, ನನ್ನ ಕಿವಿಯ ಪಕ್ಕದಲ್ಲೇ ಎಂಬಂತೆ ಹೇಳಿದಳು: "ಅಲ್ಲಿಂದ ಕಾಣಕಿಲ್ಲ ಕಣಪ್ಪ. ಎಲ್ರೂ ಕಂಡವ್ರೆ. ಎಲ್ರೂ ಅಂಗೇ ಅಂದ್ರು."

ಕೆಂಚೇಗೌಡರು ಆಗಲೇ ಮುಂದಿನ ಸಾಲಿಗೆ ಹೋಗಿದ್ದರು: "ನೀವು ಪೊಲೀಸರ ಮಾತು ಕೇಳಿ ಸುಳ್ಳು ಹೇಳುತ್ತಿದ್ದೀರಿ!" "ಇಲ್ಲ ಬುಡಿ" ಎಂದಳು. ಒತ್ತಿದೆ. ಓ.ಹೇ.ಕೇ. ಸರಿ ಇದೆ. ಪ್ರಿಂಟ್. ಹೆಬ್ಬೆಟ್ಟು. ಸಹಿ.

ಹೆಬ್ಬೆಟ್ಟು ಒತ್ತಿಸುವಾಗ ನನ್ನ ಕಣ್ಣು ಆರೋಪಿಯ ಕಡೆ ಹೋಯಿತು. ಮಾದೇವ ಎರಡೂ ಕೈ ಜೋಡಿಸಿ ನಿಂತಿದ್ದ, ಯಾರಿಗೆಂದು ಇಲ್ಲ, ಸುಮ್ಮನೆ ಎದುರಿಗೆ. ಮುಖದಲ್ಲಿ ಬಿಡುಗಡೆಯಾದವನ ಕಳೆ. ಇವನಿಗೇಕೆ ಇಷ್ಟು ಸಂತೋಷ ಎಂದುಕೊಂಡೆ.

ಊಟದ ಡಬ್ಬಿ ತೆಗೆದಾಗ ಹೊಳೆಯಿತು. ಅವನು ಕೇಳಿಸಿಕೊಂಡಿದ್ದ. ಚಿಕ್ಕತಾಯಮ್ಮ 'ಕಾಣಕಿಲ್ಲ' ಎಂದದ್ದನ್ನು ನಾನು ಬರೆದುಕೊಂಡೆ ಎಂದು ತಿಳಿದಿದ್ದ.

ಹೋಗಿ ಫೈಲು ತೆಗೆದು ನೋಡಿದೆ. 'ಕೊಪ್ಪರಿಗೆಯ ಮೇಲ್ಗಡೆ ನಡೆದದ್ದು ನನಗೆ ಕಾಣಿಸುತ್ತಿರಲಿಲ್ಲ ಎಂದರೆ ಸರಿಯಲ್ಲ.' ಅಂದರೆ ಕಾಣಿಸುತ್ತಿತ್ತು ಎಂದಾಯಿತು. ಅಚ್ಚುಕಟ್ಟಾಗಿತ್ತು, ಒಂದು ಸ್ಪೆಲ್ಲಿಂಗ್ ಮಿಸ್ಟೇಕ್ ಇಲ್ಲ. ಕೆಳಗೆ ನೀಲಿ ಹೆಬ್ಬೆಟ್ಟು. ಕಾಗದವನ್ನು ನೋಡುತ್ತಾ ನೋಡುತ್ತಾ ನನಗೇ ಅನುಮಾನ ಶುರುವಾಯಿತು. ಅವಳು ನಿಜಕ್ಕೂ ಹಾಗೆ ಹೇಳಿದಳಾ? ನಾನು ಕೇಳಿದೆನಾ, ಅಥವಾ ಮಾದೇವನ ಮುಖ ನೋಡಿ ಕಲ್ಪಿಸಿಕೊಂಡೆನಾ? ಕಾಗದದಲ್ಲಿ ಇರುವುದು ಕಾಗದದಲ್ಲಿದೆ. ನನ್ನ ಕಿವಿಯಲ್ಲಿ ಇರುವುದಕ್ಕೆ ಯಾರ ಸಹಿ ಇದೆ?

ಶಿರಸ್ತೇದಾರ್ ರಾಮಯ್ಯನವರು ಆಫೀಸಿನ ಹಿರಿಯರು. ಅವರ ಬಳಿ ಹೋಗಿ ಪಿಸುಗುಟ್ಟಿದೆ. ಅವರು ಮೊಸರನ್ನದ ತುತ್ತನ್ನು ಅರ್ಧಕ್ಕೆ ನಿಲ್ಲಿಸಿದರು.

"ಸೈನ್ ಆಯ್ತೇನಮ್ಮಾ?"

"ಆಯ್ತು ಸರ್."

"ಹಾಗಾದ್ರೆ ಅದೇ ಸತ್ಯ. ಬಾಯಿ ಮುಚ್ಕೊಂಡು ಮನೆಗೆ ಹೋಗಿ. ನಿಮ್ಗೆ ರಿಟೈರ್‌ಮೆಂಟ್ ಹತ್ರ ಬಂದಿದೆ, ಯಾಕೆ ಬೇಕು ಎನ್ಕ್ವೈರಿ?"

"ಅವನು ಜೈಲಿಗೆ ಹೋದರೆ?"

"ತಳ್ಳಿದ್ರೆ ಹೋಗ್ಲಿ. ಆ ಸಿದ್ದರಾಜನ ಕೈ ನೋಡಿದ್ರಾ ನೀವು?"

ನೋಡಿದ್ದೆ. ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದ ಕೈಗಳನ್ನು ಕೋರ್ಟಿಗೆ ತೋರಿಸಲು ಬಿಚ್ಚಿದಾಗ ನಾನು ಕೀಬೋರ್ಡ್ ಕಡೆ ತಿರುಗಿದ್ದೆ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮಾದೇವನೇ ತಳ್ಳಿದ್ದರೆ? ನಾನು ಬಾಯಿ ಬಿಟ್ಟು ಅವನು ಪಾರಾದರೆ, ಆ ಕೈಗಳಿಗೆ ಏನು ಹೇಳುವುದು? ರಾಮಯ್ಯನವರು ಕೆಟ್ಟವರಲ್ಲ. ಹೋಗಿ ನನ್ನ ಡಬ್ಬಿಯನ್ನು ಹಾಗೇ ಮುಚ್ಚಿಟ್ಟೆ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಮಂಡ್ಯದ ಬಸ್ಸಿಗೆ ಕಾಯುತ್ತಿದ್ದೆ. ಕಲ್ಲುಬೆಂಚಿನ ತುದಿಯಲ್ಲಿ ಚಿಕ್ಕತಾಯಮ್ಮ ಒಬ್ಬಳೇ ಕೂತಿದ್ದಳು, ಸೆರಗಿನ ತುದಿಯಿಂದ ಹೆಬ್ಬೆಟ್ಟಿನ ನೀಲಿ ಉಜ್ಜುತ್ತಾ. ಸಾಕ್ಷಿಗಳ ಜೊತೆ ನಾವು ಮಾತಾಡಕೂಡದು. ನಾನು ಕಂಬದ ಮರೆಗೆ ಸರಿದೆ. ಅವಳೇ ಎದ್ದು ಬಂದಳು.

"ನೀನು ಆ ಟೇಬಲ್ ತಾವ ಕುಂತಿದ್ದ ಅವ್ವ ಅಲ್ವಾ? ನಮ್ಮೂರ್ ಬಸ್ಸು ಯಾವ್ದವ್ವ? ನಂಗೆ ಓದಕ್ ಬರಕಿಲ್ಲ."

ಬೋರ್ಡ್ ಓದಿ ಹೇಳಿದೆ. ಅವಳು ಹೋಗಲಿಲ್ಲ. ನನ್ನ ಮುಖ ನೋಡುತ್ತಾ ನಿಂತಳು.

"ಅವ್ವಾ, ಒಂದ್ ಕೇಳ್ತೀನಿ. ನಾನು ಕೊನೇಲಿ ಏಳಿದ್ನಲ್ಲ, ಕಾಣಕಿಲ್ಲ ಅಂತ. ಅದ ಬರ್ಕಂಡ್ಯಾ?"

ಆಗ ನನ್ನ ಅನುಮಾನ ಪೂರ್ತಿ ಹೋಯಿತು. ಅವಳು ಹೇಳಿದ್ದಳು, ನಾನು ಕೇಳಿದ್ದೆ. ಆದರೂ, ಉತ್ತರಕ್ಕೆ ಕಾಯದೆ ಒತ್ತುವ ಬೆರಳಿನ ಹಾಗೆ, ನನ್ನ ಬಾಯಿ ಹೇಳಿತು: "ಬರ್ಕೊಂಡೆ ಕಣಜ್ಜಿ."

"ಅಂಗಾರೆ ಸರಿ." ಉಸಿರು ಬಿಟ್ಟಳು. "ಅದೊಂದು ಗಂಟ್ಲಲ್ಲಿ ಕುಂತಿತ್ತು. ಊರೋರೆಲ್ಲ ಕಂಡೆ ಅನ್ನು ಅನ್ನು ಅಂದ್ರು, ಅಂದ್ಬುಟ್ಟೆ. ಆ ಉಡ್ಗುನ್ ಮೊಕ ನೋಡ್ದ್ಮೇಲೆ ತಡಿಯಕ್ಕಾಗ್ನಿಲ್ಲ. ನೀನು ಬರ್ಕಂಡೆ ಅಂದ್ಯಲ್ಲ, ಇನ್ ನಿದ್ದೆ ಬತ್ತದೆ."

ಅವಳ ಬಸ್ಸು ಹೊರಟಿತು. ಕಿಟಕಿಯಿಂದ ನನಗೆ ಕೈ ಬೀಸಿದಳು. ನಾನೂ ಬೀಸಿದೆ. ಗಾಡ್ ಫರ್ಗಿವ್ ಮಿ, ನಾನೂ ಬೀಸಿದೆ.

ಮಾರನೆಯ ಬೆಳಿಗ್ಗೆ ಕೋರ್ಟ್ ಶುರುವಾಗುವ ಮೊದಲೇ ಚೇಂಬರಿನ ಬಾಗಿಲು ತಟ್ಟಿದೆ. ಸಾಹೇಬರು ನನಗಿಂತ ಬಹಳ ಚಿಕ್ಕವರು, ಚುರುಕು, ಖಡಕ್ಕು. ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

"ಯೂ ಮೀನ್ ಮೈ ರೆಕಾರ್ಡ್ ಈಸ್ ರಾಂಗ್?"

"ಮೈ ಟೈಪಿಂಗ್ ಈಸ್ ರಾಂಗ್, ಸರ್."

"ಅದರ ಕೆಳಗೆ ನನ್ನ ಸಹಿ ಇದೆ ಮೇಡಂ."

ಅವರು ಪೆನ್ನನ್ನು ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು: "ಆಕೆ ಹೇಳಿದ್ದು ನೀವು ಕಿವಿಯಾರೆ ಕೇಳಿದಿರಾ? ಅಥವಾ ಹಾಗೆ ಹೇಳಿರಬೇಕು ಅಂತ ಈಗ ಅನ್ನಿಸ್ತಿದೆಯಾ? ಥಿಂಕ್ ಅಂಡ್ ಟೆಲ್ ಮಿ."

"ಕೇಳಿದೆ ಸರ್."

"ಆಮೇಲೆ ಈ ವಿಷಯ ಯಾರ ಹತ್ತಿರ ಮಾತಾಡಿದಿರಿ?"

"ಶಿರಸ್ತೇದಾರರ ಹತ್ತಿರ."

"ಬೇರೆ ಯಾರ ಹತ್ತಿರ?"

ಕಲ್ಲುಬೆಂಚು ಕಣ್ಣ ಮುಂದೆ ಬಂತು. ಸಾಕ್ಷಿಯ ಜೊತೆ ಮಾತಾಡಿದೆ ಎಂದರೆ ಕಥೆಯೇ ಬೇರೆಯಾಗುತ್ತದೆ. ನಾನೇ ಅವಳಿಗೆ ಹೇಳಿಕೊಟ್ಟೆ ಎನ್ನುತ್ತಾರೆ, ನನ್ನ ಮಾತಿಗೂ ಬೆಲೆ ಇಲ್ಲ, ಅವಳ ಮಾತಿಗೂ ಇಲ್ಲ. ಹೀಗೆಲ್ಲ ಕಾರಣಗಳನ್ನು ಆಮೇಲೆ ಜೋಡಿಸಿಕೊಂಡೆ. ಆ ಕ್ಷಣದಲ್ಲಿ ಇದ್ದದ್ದು ಬರೀ ಭಯ.

"ಇಲ್ಲ ಸರ್."

ಒಂದು ತಪ್ಪನ್ನು ತಿದ್ದಲು ಹೋದವಳು ಎರಡು ಸುಳ್ಳು ಹೊತ್ತುಕೊಂಡು ಹೊರಗೆ ಬಂದೆ. ಸಾಕ್ಷಿಯನ್ನು ಮತ್ತೆ ಕರೆಸುವ ಅಧಿಕಾರ ಕೋರ್ಟಿಗೆ ಇದೆ. ಸಾಹೇಬರು ಎರಡೂ ಕಡೆಯ ವಕೀಲರಿಗೆ ತಿಳಿಸಿ, ದಿನ ಗೊತ್ತುಮಾಡಿ ಸಮನ್ಸ್ ಹೊರಡಿಸಿದರು. ಆ ದಿನದವರೆಗೆ ನಾನು ಉಂಡದ್ದು ಮೈಗೆ ಹತ್ತಲಿಲ್ಲ. ಊರಿನವರು ಅವಳಿಗೆ ಮತ್ತೆ 'ಕಂಡೆ ಅನ್ನು' ಎಂದು ಹೇಳಿಕೊಟ್ಟರೆ? ಹಾಗೆ ಹೇಳಿದರೆ ನಾನು ಸುಳ್ಳಿಯಾಗುತ್ತೇನೆ. ಅವಳು ನಿಜ ಹೇಳಿದರೂ ನಾನು ಸುಳ್ಳಿಯೇ, ಬಸ್‌ಸ್ಟ್ಯಾಂಡಿನ ಮಟ್ಟಿಗೆ. ಅವಳು ಆ ಮಾತು ಮರೆತಿರಲಿ ಎಂದು ಬೇಡಿಕೊಂಡೆ.

ಚಿಕ್ಕತಾಯಮ್ಮ ಅದೇ ಸೀರೆಯಲ್ಲಿ ಬಂದು ಕಟಕಟೆ ಹತ್ತಿದಳು. ನನ್ನನ್ನು ಕಂಡು ಪರಿಚಯದ ನಗು ನಕ್ಕಳು. ನಾನು ಕೀಬೋರ್ಡ್ ನೋಡಿದೆ. ಸಾಹೇಬರು ತಾವೇ ಹಳೆಯ ಹೇಳಿಕೆಯನ್ನು ಓದಿದರು, ಒಂದೊಂದೇ ಸಾಲು.

"'ಮೇಲ್ಗಡೆ ನಡೆದದ್ದು ನನಗೆ ಕಾಣಿಸುತ್ತಿರಲಿಲ್ಲ ಎಂದರೆ ಸರಿಯಲ್ಲ.' ಅಂದರೆ ನಿಮಗೆ ಕಾಣಿಸುತ್ತಿತ್ತು ಅಂತ ಆಯ್ತು. ಹಾಗೆ ಹೇಳಿದಿರೇನಮ್ಮಾ?"

"ಅಂಗೆಲ್ಲಿ ಅಂದೆ ಸಾಮಿ? ನಾನು ಒಲೆ ತಾವ ತಗ್ಗಲ್ಲಿದ್ದೆ. ಅಲ್ಲಿಂದ ಕಾಣಕಿಲ್ಲ, ಎಲ್ರೂ ಕಂಡವ್ರೆ ಅಂದೆ. ಬೇಕಾರೆ ಈ ಅವ್ವುನ್ನ ಕೇಳಿ." ನನ್ನ ಕಡೆ ಕೈ ತೋರಿಸಿದಳು. "ಬಸ್‌ಸ್ಟ್ಯಾಂಡಲ್ಲಿ ಬರ್ಕಂಡ್ಯಾ ಅಂತ ಕೇಳ್ದೆ. ಬರ್ಕಂಡೆ ಕಣಜ್ಜಿ ಅಂದ್ಲು. ಏನವ್ವ, ಅನ್ನಿಲ್ವಾ?"

ಕೆಂಚೇಗೌಡರು ಪಕ್ಕದವರನ್ನು "ಏನಂತೆ? ಏನಂತೆ?" ಎಂದು ಕೇಳುತ್ತಿದ್ದರು. ಸಾಹೇಬರು ನನ್ನ ಕಡೆ ನೋಡಲಿಲ್ಲ. ಅವರು ನೋಡಿದ್ದರೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

"ಟೈಪ್ ಮಾಡಿ ಮೇಡಂ. ಆಕೆ ಹೇಗೆ ಹೇಳಿದರೋ ಹಾಗೆ."

ನನ್ನ ಸುಳ್ಳನ್ನು ನಾನೇ ಟೈಪ್ ಮಾಡಿದೆ. 'ಬರ್ಕಂಡೆ ಕಣಜ್ಜಿ.' ಮೂವತ್ತು ವರ್ಷದಲ್ಲಿ ಸಾಕ್ಷಿಯ ಮಾತನ್ನು ಓರಣ ಮಾಡದೆ, ಬಂದಂತೆ 'ಕಣಜ್ಜಿ' ಸಮೇತ ಬರೆದದ್ದು ಅದೇ ಮೊದಲು.

ಸರ್ಕಾರಿ ವಕೀಲರು ಎದ್ದರು. ಅವರ ಸಿಟ್ಟು ನ್ಯಾಯವಾದದ್ದೇ. "ಕೋರ್ಟಿನ ಟೈಪಿಸ್ಟ್ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮನ್ನು ಭೇಟಿ ಮಾಡಿ, ಆರೋಪಿಗೆ ಅನುಕೂಲವಾಗುವಂತೆ ಹೇಳಲು ನಿಮಗೆ ಹೇಳಿಕೊಟ್ಟಿದ್ದಾರೆ."

ಆ ಸಾಲನ್ನೂ ಟೈಪ್ ಮಾಡಿದೆ. ಸಾಲು ಮುಗಿಯಿತು. ನನ್ನ ಕಿರುಬೆರಳು ಅಭ್ಯಾಸದಂತೆ ಆ ಕೀ ಮೇಲೆ ಹೋಗಿ ಕೂತಿತ್ತು. ಅದನ್ನು ತೆಗೆದೆ. ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ತಲೆಯೆತ್ತಿ ಚಿಕ್ಕತಾಯಮ್ಮನ ಮುಖ ನೋಡಿದೆ. ಅಷ್ಟು ವರ್ಷದಲ್ಲಿ ಸಾಕ್ಷಿಯ ಬಾಯಿ ತೆರೆಯುವುದನ್ನು ನಾನು ಕಾದು ನೋಡಿದ್ದೇ ಇಲ್ಲ. ಅವಳು ಯೋಚಿಸುತ್ತಿದ್ದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಯುಗ ಕಳೆದ ಹಾಗಾಯಿತು.

"ಅವ್ಳೇನ್ ಏಳ್ಕೊಟ್ಟಾಳು ಬುಡಿ ಸಾಮಿ. ಬಸ್ಸು ಯಾವ್ದು ಅಂತ ಏಳುದ್ಲು."

"ಎಂದರೆ ಸರಿಯಲ್ಲ" ಎಂದು ಸಾಹೇಬರು ಡಿಕ್ಟೇಟ್ ಮಾಡಿದರು. ನಾನು ಒಂದೊಂದೇ ಅಕ್ಷರ ಟೈಪ್ ಮಾಡಿದೆ.

"ಈಗ ಓದಿ ಹೇಳಿ" ಎಂದರು. ಎದ್ದು ನಿಂತು, ಎಲ್ಲವನ್ನೂ, ನನ್ನ ಸುಳ್ಳನ್ನೂ ಸೇರಿಸಿ ಗಟ್ಟಿಯಾಗಿ ಓದಿದೆ. "ಸರಿ ಇದೆಯೇನಜ್ಜಿ?" ಎಂದೆ.

"ಸರಿ ಐತೆ ಕಣವ್ವ" ಎಂದಳು. ಆದರೆ ಈ ಸಲ ನಗಲಿಲ್ಲ. ಮೊದಲು ನಾನು ಬರೆದಿರಲಿಲ್ಲ ಎಂಬುದು ಓದುವಾಗ ಅವಳಿಗೆ ಅರ್ಥವಾಗಿತ್ತು.

ನನಗೆ ಮೆಮೊ ಬಂತು, ವಿವರಣೆ ಕೊಟ್ಟೆ, ಎಚ್ಚರಿಕೆ ಕೊಟ್ಟು ಬಿಟ್ಟರು. ಅದನ್ನು ದೊಡ್ಡದು ಮಾಡುವುದಿಲ್ಲ. ಶಾರ್ಟ್‌ಕಟ್ ಅಳಿಸಿಹಾಕಿದೆ. ಆಮೇಲೆ ನನ್ನ ಸ್ಪೀಡ್ ಕಡಿಮೆಯಾಯಿತು, ವಕೀಲರು ಗೊಣಗಿದರು. ಪ್ರತಿ ಹೇಳಿಕೆಯನ್ನೂ ಓದಿ ಹೇಳುತ್ತೇನೆಂದು ರಾಮಯ್ಯನವರು "ಮೇಡಂ ಹರಿಕಥೆ ಶುರು ಮಾಡಿದ್ರು" ಎಂದು ನಗುತ್ತಿದ್ದರು. ಈಗ ಮಾತಾಡಿದರೆ ತಾನೇ ಟೈಪ್ ಮಾಡಿಕೊಳ್ಳುವ ಮೆಷಿನ್ ಬರುತ್ತದಂತೆ, ಸಿಂಧು ಹೇಳಿದಳು. ಅದು ಮುಂದಿನ ಪದವನ್ನು ತಾನೇ ಊಹಿಸುತ್ತದಂತೆ. ಹಾಗೆಂದಾಗ ನಾನು ಕಾಫಿ ಲೋಟ ಕೆಳಗಿಟ್ಟೆ, ಪಾಪ ಅವಳಿಗೆ ಯಾಕೆಂದು ತಿಳಿಯಲಿಲ್ಲ.

ಕೇಸಿನಲ್ಲಿ ಕಣ್ಣಾರೆ ಕಂಡ ಸಾಕ್ಷಿ ಉಳಿಯಲಿಲ್ಲ. 'ಎಲ್ರೂ ಕಂಡವ್ರೆ' ಎಂದ ಆ ಎಲ್ಲರಲ್ಲಿ ಒಬ್ಬರೂ ಬಂದು ನಾನು ಕಂಡೆ ಎನ್ನಲಿಲ್ಲ. ಸಂಶಯದ ಲಾಭ ಕೊಟ್ಟು ಮಾದೇವನನ್ನು ಬಿಡುಗಡೆ ಮಾಡಿದರು. ಅವನು ನನ್ನ ಟೇಬಲ್ಲಿನ ಮುಂದೆ ನಿಂತು ಕೈ ಮುಗಿದ. ನಾನು ಕಾಗದ ಜೋಡಿಸುವ ನೆಪ ಮಾಡಿದೆ. ಅವನು ತಳ್ಳಿದನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಹೊರಗೆ ಹುಣಸೆಮರದ ಕೆಳಗೆ ಸಿದ್ದರಾಜು ಕೂತಿದ್ದ. ಹೆಂಡತಿ ಅವನ ಬಾಯಿಗೆ ಟೀ ಲೋಟ ಹಿಡಿದಿದ್ದಳು. ನನ್ನನ್ನು ಕಂಡು ಎದ್ದ. ಬೈಯುತ್ತಾನೆ ಎಂದುಕೊಂಡು ನಿಂತೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಅವ್ವಾ, ಮೊದ್ಲಿಂದ ಕೊನೆಗಂಟ ಎಲ್ಲಾನೂ ನೀವೇ ಬರ್ದ್ರಿ" ಎಂದ. "ಅಷ್ಟು ಕಾಗ್ದದಲ್ಲಿ, ನಾನು ಎಂಗ್ ಬಿದ್ದೆ ಅಂತ ಎಲ್ಲಾರಾ ಒಂದ್ ಕಡೆ ಐತಾ?"

ಬಾಯಿಗೆ ಏನೋ ಸಮಾಧಾನದ ಮಾತು ಬರುತ್ತಿತ್ತು. ತಡೆದೆ. ಅವನ ಮುಖವನ್ನು, ಆಮೇಲೆ ಟವೆಲಿನೊಳಗಿನ ಆ ಕೈಗಳನ್ನು ನೋಡಿದೆ. ಈ ಸಲ ತಿರುಗಿಕೊಳ್ಳಲಿಲ್ಲ.

"ಇಲ್ಲಪ್ಪ" ಎಂದೆ. "ಎಲ್ಲೂ ಇಲ್ಲ."